ತಣ್ಪಟ್ಟಿ ಹೀರಿದ ಸಿಟ್ಟು

ಉಕ್ಕುಗಣ್ಣನ ಗದೆ ಮೇಲೆದ್ದಾಗ ಸುಲೋಚನಾ ಓಡಲಿಲ್ಲ. ಓಡುವ ಅಗತ್ಯವಿರಲಿಲ್ಲ. ಅವಳ ಪಕ್ಕದಲ್ಲಿ ಅಣ್ಣ ದಿಗಂಬರ ಗುರಾಣಿ ಹಿಡಿದು ನಿಂತಿದ್ದ. ಗದೆ ಬಿತ್ತು. ಗುರಾಣಿ ಒಂದು ಕ್ಷಣ ತಡವಾಗಿ ಎದ್ದಿತು. ತೆರೆಕನ್ನಡಕದೊಳಗೆ ಎಲ್ಲವೂ ಕೆಂಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗಿ, ಕೊನೆಗೆ ಕಪ್ಪಾಯಿತು. ಮೂರು ವಾರ ಕಷ್ಟಪಟ್ಟು ಗೆದ್ದುಕೊಂಡಿದ್ದ ಕವಚ ಐದನೆಯ ಕೋಟೆಯ ಬಾಗಿಲಲ್ಲೇ ಉಳಿದುಹೋಯಿತು.

ಹಣೆಗೆ ಕಟ್ಟಿದ್ದ ಬೆರಳಗಲದ ಪಟ್ಟಿ ಒಮ್ಮೆ ಮೆಲ್ಲಗೆ ಜುಮ್ಮೆಂದಿತು. ಅಷ್ಟೇ. ಎದೆಯೊಳಗೆ ಏಳಬೇಕಾಗಿದ್ದದ್ದು ಏಳುವ ಮೊದಲೇ ಕುಳಿತುಬಿಟ್ಟಿತು.

"ಢಾಲು ತಡಾ ಆತು, ಅಣ್ಣಾ."

"ಹೂಂ, ಆತು," ಎಂದ ದಿಗಂಬರ. ಅವನು ಗದಗಿನಲ್ಲಿದ್ದ, ಅವಳು ಹುಬ್ಬಳ್ಳಿಯಲ್ಲಿ. ಕಿವಿಯ ಗುಂಡಿಯಲ್ಲಿ ಅವನ ದನಿ ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು. "ಮತ್ತ ಹೋಗೂಣೇನು?"

"ಹೋಗೂಣ."

ಮತ್ತೆ ಹೋದರು. ಮತ್ತೆ ಸತ್ತರು. ಏಳು ಗಂಟೆಗೆ ಆಟ ಮುಗಿಸಿ ಸುಲೋಚನಾ ಅನ್ನಕ್ಕಿಟ್ಟಳು.

ನಾಲ್ಕು ತಿಂಗಳ ಹಿಂದೆ ಹೀಗಿರಲಿಲ್ಲ. ‘ಸಪ್ತದುರ್ಗ’ ಎಂಬ ಆ ಆಟವನ್ನು ಲಕ್ಷಾಂತರ ಜನ ತಂತಮ್ಮ ಮನೆಗಳಿಂದ ಏಕಕಾಲಕ್ಕೆ ಆಡುತ್ತಿದ್ದರು. ಕಣ್ಣಿಗೆ ತೆರೆಕನ್ನಡಕ, ಎರಡೂ ಕೈಗಳಿಗೆ ಸ್ಪರ್ಶಗವಸು. ಬಲಗೈ ಆಡಿದಂತೆ ಆಯುಧ ಆಡುತ್ತಿತ್ತು, ಎಡಗೈ ಎತ್ತಿದರೆ ಗುರಾಣಿ ಏಳುತ್ತಿತ್ತು. ಒಂದೊಂದು ಕೋಟೆಗೂ ಒಬ್ಬ ಕಾವಲು ರಾಕ್ಷಸ. ಸೋತರೆ ತೊಟ್ಟಿದ್ದೆಲ್ಲ ಅಲ್ಲೇ ಬಿಟ್ಟು ಆ ಕೋಟೆಯನ್ನು ಮೊದಲಿನಿಂದ ಹತ್ತಬೇಕು. ಸುಲೋಚನಾ ರಕ್ತನಿಧಿಯೊಂದರಲ್ಲಿ ಪ್ರಯೋಗಾಲಯದ ತಂತ್ರಜ್ಞೆ. ನಲವತ್ತೇಳು ವರ್ಷ, ಒಂಟಿ ಜೀವ. ಅಣ್ಣ ಗದಗಿನಲ್ಲಿ ದರ್ಜಿ. ಬಟ್ಟೆ ಹೊಲಿಯುವವನಿಗೆ ದಿಗಂಬರ ಎಂದು ಹೆಸರಿಟ್ಟದ್ದಕ್ಕೆ ಊರೆಲ್ಲ ನಗುತ್ತಿತ್ತು, ಅವನೂ ನಗುತ್ತಿದ್ದ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದ ಕಾರಣ ಹಬ್ಬಕ್ಕೊಮ್ಮೆ ಫೋನು ಮಾಡಿದರೂ "ಆರಾಮಾ?" "ಆರಾಮ" ಎನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು. ಅವರನ್ನು ಹತ್ತಿರ ತಂದದ್ದು ಈ ಆಟ. ಹತ್ತಿರ ಎಂದರೆ ದಿನವೂ ಸಂಜೆ ಐದೂವರೆಗೆ ಶುರುವಾಗುವ ಜಗಳ.

"ಎಡಕ್ಕ ಬಾ ಅಂದ್ರ ಬಲಕ್ಕ ಹೋಗತೀಯಲ್ಲೋ, ಕಣ್ಣೇನು ಹಣೀಮ್ಯಾಲ ಅದಾವೇನು?" ಎಂದು ಅವಳು ಒದರುವುದು. "ನಿನಗ ತಾಳ್ಮಿ ಅನ್ನೂದು ಇಲ್ಲ, ಸಣ್ಣಾಕಿದ್ದಾಗೂ ಹಿಂಗs ಇದ್ದಿ" ಎಂದು ಅವನು ತಿರುಗಿ ಒದರುವುದು. ಹಾಗೆ ಒದರಾಡುತ್ತಲೇ ನಾಲ್ಕು ಕೋಟೆ ಗೆದ್ದರು. ಐದನೆಯದರ ಉಕ್ಕುಗಣ್ಣ ಮಾತ್ರ ಜಗ್ಗಲಿಲ್ಲ. ಒಂದು ಸಂಜೆ ಅರವತ್ತನೆಯ ಸೋಲಿಗೋ ಎಪ್ಪತ್ತನೆಯದಕ್ಕೋ ಸುಲೋಚನಾ ಗೋಡೆಯ ಕಪಾಟಿಗೆ ಮುಷ್ಟಿ ಬೀಸಿದಳು. ಗಾಜು ಒಡೆಯಿತು. ಕೈಗೆ ಆರು ಹೊಲಿಗೆ. ಆ ಉರಿಯಲ್ಲೇ ಅಣ್ಣನಿಗೆ "ನಿನ್ನಂಥಾವನ ಜೋಡಿ ಹುಟ್ಟಿದ್ದs ತಪ್ಪು" ಎಂದು ಅಂದುಬಿಟ್ಟಳು. ಎಂಟು ದಿನ ಇಬ್ಬರೂ ಮಾತಾಡಲಿಲ್ಲ. ಒಂಬತ್ತನೆಯ ದಿನ ಅವಳು ಧಾರವಾಡಕ್ಕೆ ಹೋಗಿ ಮನೋಯಂತ್ರ ಸಂಶೋಧನಾಲಯದ ಬಾಗಿಲು ತಟ್ಟಿದಳು.

ಅಲ್ಲಿ ಡಾ. ಶಮೀಮಾ ನದಾಫ ಎಂಬ ವಿಜ್ಞಾನಿ ‘ಕ್ಷೋಭಶಾಮಕ’ವೆಂಬ ಉಪಕರಣವನ್ನು ಪರೀಕ್ಷಿಸುತ್ತಿದ್ದರು. ಜನರ ಬಾಯಲ್ಲಿ ಅದು ಆಗಲೇ ‘ತಣ್ಪಟ್ಟಿ’ಯಾಗಿತ್ತು.

"ನಾವು ಬಯಸೂದು ಒಂದು, ಆಗೂದು ಇನ್ನೊಂದು," ಎಂದು ಅವರು ಸುಲೋಚನಾಳ ಹಣೆಯ ಅಳತೆ ತೆಗೆಯುತ್ತ ವಿವರಿಸಿದರು. "ಆ ಎರಡೂ ಹೊಂದದಿದ್ದಾಗ ಮೆದುಳಿನೊಳಗ ಒಂದು ಗಂಟೆ ಹೊಡಕೋತದ. ಆ ಸಪ್ಪಳದಿಂದನs ಕಿರಿಕಿರಿ, ಸಿಟ್ಟು ಎಲ್ಲಾ. ಗಂಟೆ ಹೊಡಿಯೂದಕ್ಕ ಮುಂಚೆ ಪಟ್ಟಿಗೆ ಗೊತ್ತಾಗತದ. ಬಹಳ ಸಣ್ಣ ವಿದ್ಯುತ್ ಮಿಡಿತ ಕಳಿಸಿ ಅದನ್ನ ಅಲ್ಲೇ ತಡೀತದ."

"ಖುಷಿ ಆಗೂದನ್ನೂ ತಡೀತದೇನ್ರಿ?"

"ಇಲ್ಲ. ಅದರ ದಾರಿ ಬ್ಯಾರೆ."

"ದುಃಖ? ಅಂಜಿಕಿ?"

"ಅವನ್ನೂ ಮುಟ್ಟೂದಿಲ್ಲ."

"ಮತ್ತ ತಡದ ಸಿಟ್ಟು ಎಲ್ಲಿ ಹೋಗತದರಿ?"

ಶಮೀಮಾ ನಕ್ಕರು. "ಎಲ್ಲಿಗೂ ಹೋಗೂದಿಲ್ಲ. ಯಾವಾಗ, ಎಷ್ಟು ಸಲ ತಡೀತು ಅನ್ನೂದು ನಮ್ಮ ಗಣಕದಾಗ ದಾಖಲಾಗತದ, ಅಷ್ಟs. ಬ್ಯಾಟರಿ ಎಷ್ಟು ದಿನ ಬಾಳತದ ಅಂತ ನೋಡಾಕ ಬೇಕಾಗತದ."

ಸುಲೋಚನಾ ಎರಡು ಪಟ್ಟಿ ಕೇಳಿದಳು. ದಿಗಂಬರ ಮೊದಲು ಒಪ್ಪಲಿಲ್ಲ. "ಸಿಟ್ಟು ಮಾಡದs ಆಡೂದು ಅಂದ್ರ ಉಪ್ಪಿಲ್ಲದ ಸಾರು ಉಂಡಂಗ" ಎಂದ. ಅವಳು ಬಿಡಲಿಲ್ಲ. ಗದಗಿನ ತನಕ ತಾನೇ ಹೋಗಿ, ಅವನ ಹಣೆಗೆ ತಾನೇ ಕಟ್ಟಿ ಬಂದಳು.

ಪಟ್ಟಿ ಹೇಳಿದ ಕೆಲಸ ಮಾಡಿತು. ಜಗಳ ನಿಂತಿತು. ಕೈಯ ಗಾಯ ಮಾಯಿತು. ಆಟದ ಹೊತ್ತಿಗೆ ಮಾತ್ರ ಕಟ್ಟಿಕೊಳ್ಳುತ್ತಿದ್ದವಳು ಕ್ರಮೇಣ ಬಸ್ಸಿನಲ್ಲೂ ಕೆಲಸದಲ್ಲೂ ಕಟ್ಟಿಕೊಂಡಳು. ರಕ್ತದ ಚೀಲಗಳಿಗೆ ತಪ್ಪು ಚೀಟಿ ಬಂದರೆ ವಾಪಸು ಕಳಿಸಿದಳು, ಮತ್ತೆ ತಪ್ಪೇ ಬಂದರೆ ಮತ್ತೆ ಕಳಿಸಿದಳು. ಚಹಾ ಆರಿದ್ದರೆ ಆರಿದ್ದನ್ನೇ ಕುಡಿದಳು. ವಿಜ್ಞಾನಿ ಸುಳ್ಳು ಹೇಳಿರಲಿಲ್ಲ. ಖುಷಿಯನ್ನು ಪಟ್ಟಿ ಮುಟ್ಟಿರಲಿಲ್ಲ. ಆದರೆ ಖುಷಿಯೂ ಯಾಕೋ ಈಚೆಗೆ ಹಾದಿ ಮರೆತಂತಿತ್ತು. ಅದರ ಬಗ್ಗೆಯೂ ಅವಳಿಗೆ ಏನೂ ಅನ್ನಿಸಲಿಲ್ಲ.

ಗುರಾಣಿ ದಿನದಿಂದ ದಿನಕ್ಕೆ ತಡವಾಗತೊಡಗಿತು. ಮೊದಲು ಕಣ್ಣೆವೆ ಬಡಿಯುವಷ್ಟು, ಆಮೇಲೆ ಒಂದು ಉಸಿರಿನಷ್ಟು. ಒಮ್ಮೊಮ್ಮೆ ಏಳಲೇ ಇಲ್ಲ. ಇನ್ನೂರಕ್ಕೂ ಹೆಚ್ಚು ಸಲ ಅವಳು ಅದೇ ಗದೆಯ ಕೆಳಗೆ ಸತ್ತಳು. "ಢಾಲು ಏಳಲಿಲ್ಲ" ಎನ್ನುತ್ತಿದ್ದಳು. "ಹೂಂ, ಏಳಲಿಲ್ಲ" ಎನ್ನುತ್ತಿದ್ದ ಅವನು. ಯಾಕೆ ಏಳಲಿಲ್ಲ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಮೀಮಾ ಅವಳನ್ನು ಧಾರವಾಡಕ್ಕೆ ಕರೆಸಿಕೊಂಡರು. ಅವರ ಮುಂದಿನ ಪರದೆಯ ಮೇಲೆ ಎರಡು ನಕ್ಷೆಗಳಿದ್ದವು.

"ಇದು ನಿಮ್ಮದು," ಎಂದು ಒಂದನ್ನು ತೋರಿಸಿದರು. "ಸಂಜೀಮುಂದ ಏರತದ, ಆಟ ಮುಗದ ಮ್ಯಾಲ ಇಳೀತದ. ಇದು ನಿಮ್ಮ ಅಣ್ಣಾರದು. ಬ್ಯಾಟರಿ ಎರಡು ಸಲ ಬದಲಿ ಮಾಡಿಸ್ಯಾರ, ಯಾಕ ಅಂತ ನೋಡಾಕ ತಗದೆ. ಅವರು ಹಗಲೆಲ್ಲಾ ಆಡತಾರೇನು?"

"ಇಲ್ರಿ. ಹಗಲು ಅಂಗಡ್ಯಾಗ ಇರತಾನ."

"ಏನು ಅಂಗಡಿ?"

"ದರ್ಜಿ. ಮೂವತ್ತು ವರ್ಷದಿಂದ ಅಂಗಿ ಹೊಲೀತಾನ."

ಶಮೀಮಾ ಪರದೆಯ ಮೇಲೆ ಬೆರಳಿಟ್ಟರು. ನಕ್ಷೆಯ ಗೆರೆ ಬೆಳಿಗ್ಗೆ ಹತ್ತಕ್ಕೆ ಎದ್ದು ಮಧ್ಯಾಹ್ನ ಎರಡರವರೆಗೆ ಗೋಡೆಯಂತೆ ನಿಂತಿತ್ತು. "ಮೂವತ್ತು ವರ್ಷ ಅಂಗಿ ಹೊಲದಾವರಿಗೆ," ಎಂದು ನಿಧಾನವಾಗಿ ಕೇಳಿದರು, "ಒಂದು ಮುಂಜಾನಿಗೆ ಮುನ್ನೂರು ಸಲ ತಪ್ಪೂದು ಏನರೀ?"

ಸುಲೋಚನಾಳಿಗೆ ಗುರಾಣಿ ನೆನಪಾಯಿತು. "ಎಡಗೈ," ಎಂದಳು. ಆ ಮಾತು ಬಾಯಿಂದ ಬಿದ್ದಾಗ ಅದು ತನಗೆ ಎರಡು ತಿಂಗಳಿಂದ ಗೊತ್ತಿತ್ತು ಎಂಬುದೂ ಗೊತ್ತಾಯಿತು. ಮೊದಲಿನ ಸುಲೋಚನಾ ಆಗಿದ್ದರೆ ಮೂರನೆಯ ದಿನವೇ "ನಿನ್ನ ಕೈಗೇನು ಲಕ್ವಾ ಹೊಡದೈತೇನೋ?" ಎಂದು ಒದರಿರುತ್ತಿದ್ದಳು. ಒದರಿದ್ದರೆ ಅವನು ತನ್ನ ಕೈಯನ್ನು ನೋಡಿಕೊಂಡಿರುತ್ತಿದ್ದ.

ಅಲ್ಲಿಂದಲೇ ರೈಲು ಹಿಡಿದಳು. ಅಣ್ಣಿಗೇರಿ ದಾಟುವಾಗ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದಳು. ಹೆದರಿಕೆಯಾಗಬೇಕು ಎಂದು ಕಾದಳು. ಆಗಲಿಲ್ಲ. ಹೊರಗೆ ಎರೆಹೊಲಗಳು ಓಡಿದವು. ಎದುರಿನ ಮುದುಕಿ ಚುರುಮುರಿ ಕೊಟ್ಟಳು, ಇವಳು ತಿಂದಳು.

ಅಂಗಡಿಯಲ್ಲಿ ದಿಗಂಬರ ಯಂತ್ರದ ಮುಂದೆ ಕೂತಿದ್ದ. ಅತ್ತಿಗೆ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಅವನನ್ನು ದಿನವೂ ಕಣ್ಣಾರೆ ನೋಡುವವರು ಯಾರೂ ಇರಲಿಲ್ಲ. ಕತ್ತರಿಸಿಟ್ಟ ತೋಳು, ಕಾಲರುಗಳು ಹಲಗೆಯ ಮೇಲೆ ಗುಡ್ಡೆಯಾಗಿದ್ದವು, ಹೊಲಿದು ಮುಗಿಸಿದ ಅಂಗಿ ಒಂದೂ ಕಾಣಲಿಲ್ಲ. ಅವನು ಬಲಗೈಯಲ್ಲಿ ದಾರ ಹಿಡಿದು ಎಡಗೈಯ ಸೂಜಿಗೆ ಪೋಣಿಸುತ್ತಿದ್ದ. ಸೂಜಿ ಬಿತ್ತು. ಎತ್ತಿಕೊಂಡ. ಬಿತ್ತು. ಎತ್ತಿಕೊಂಡ. ಹಣೆಯ ಪಟ್ಟಿಯ ಹಸಿರು ಚುಕ್ಕೆ ಮಿನುಗುತ್ತಲೇ ಇತ್ತು.

"ಬಾ ಸುಲೂ," ಎಂದ, ಅವಳು ದಿನವೂ ಬರುವವಳೆಂಬಂತೆ. "ಕೂಡು."

"ಕೈಗೇನಾಗೇತಿ?"

"ಏನಿಲ್ಲ. ಹೇಳಿದ ಮಾತು ಕೇಳೂದಿಲ್ಲ, ಅಷ್ಟ."

"ಯಾವಾಗಿಂದ?"

"ಶ್ರಾವಣದಿಂದ ಇರಬೇಕು."

ಅವಳು ಆ ಕೈ ಹಿಡಿದು ನೋಡಿದಳು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು. ಎರಡು ಬೆರಳ ತುದಿಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಎದ್ದ ಬೊಬ್ಬೆಗಳು. ಸುಟ್ಟದ್ದು ಅವನಿಗೆ ತಿಳಿದೇ ಇರಲಿಲ್ಲ.

"ಯಾರಿಗೂ ಹೇಳಲಿಲ್ಲೇನು? ಸೊಲ್ಲಾಪುರದಾಗಿರೋ ವೈನಿಗೂ?"

ದಿಗಂಬರ ಯೋಚಿಸಿದ. ನಿಜವಾಗಿಯೂ ಉತ್ತರ ಹುಡುಕಿದ. "ಹೇಳಬೇಕು ಅನಸಲಿಲ್ಲ. ಸೂಜಿ ತಪ್ಪತು, ಮತ್ತ ಹಿಡದೆ. ತಪ್ಪತು, ಮತ್ತ ಹಿಡದೆ. ಆಟದಾಗ ಮಾಡತೀವಲ್ಲ, ಹಂಗ."

ಅವಳು ಅವನ ಪಟ್ಟಿ ಬಿಚ್ಚಿ ಕತ್ತರಿಯಿಂದ ಎರಡು ತುಂಡು ಮಾಡಿದಳು. ಅದನ್ನೂ ಸಿಟ್ಟಿನಿಂದ ಮಾಡಲಿಲ್ಲ. ಮಾಡಬೇಕು ಎಂದು ತಿಳಿದದ್ದರಿಂದ ಮಾಡಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕುತ್ತಿಗೆಯ ಚಿತ್ರ ತೆಗೆದರು. ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಮೆತ್ತೆ ಸರಿದು ಕೈಗೆ ಇಳಿಯುವ ನರಗಳನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆಯಾಯಿತು. "ಜೀವಕ್ಕೇನೂ ಭಯವಿಲ್ಲ," ಎಂದರು ವೈದ್ಯರು. "ಆದರೆ ಮೂರು ತಿಂಗಳ ಮೊದಲೇ ಬಂದಿದ್ದರೆ ಪೂರ್ತಿ ಕೈ ಉಳಿಯುತ್ತಿತ್ತು. ಈಗ ಎಷ್ಟು ಮರಳಿ ಬರುತ್ತದೆಂದು ಹೇಳಲಾರೆ. ಸೂಜಿ ಹಿಡಿಯುವಷ್ಟು ಬರುವುದು ಕಷ್ಟ."

ಶಮೀಮಾ ಆಸ್ಪತ್ರೆಗೆ ಬಂದರು. ಹಾಸಿಗೆಯ ಪಕ್ಕ ನಿಂತರೂ ಕೂರಲಿಲ್ಲ. "ನನ್ನ ಯಂತ್ರ ಒಂದು ದಿನಾನೂ ಕೆಟ್ಟಿಲ್ಲ," ಎಂದರು. "ಕೆಟ್ಟಿದ್ದರs ಛಲೋ ಇತ್ತು." ಅವರು ಹೊರಡುವಾಗ ಸುಲೋಚನಾ ಬಾಗಿಲ ತನಕ ಹೋದಳು. "ಪಟ್ಟಿ ಕಟ್ಟಿದಾಕಿ ನಾನು, ನೀವಲ್ಲ" ಎಂದಳು.

ಪ್ರಯೋಗವನ್ನು ಅವರು ಅದೇ ವಾರ ನಿಲ್ಲಿಸಿದರು. ಆದರೆ ಬ್ಯಾಟರಿಗೆಂದು ಬರೆದಿಟ್ಟಿದ್ದ ಆ ದಾಖಲೆಗಳನ್ನು ಅಳಿಸಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ, ಸಿಟ್ಟನ್ನು ತಡೆಯುವ ಭಾಗ ತೆಗೆದು ಎಣಿಸುವ ಭಾಗವನ್ನಷ್ಟೇ ಉಳಿಸಿಕೊಂಡ ಪಟ್ಟಿಯೊಂದು ನರರೋಗದ ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಮನುಷ್ಯ ದಿನಕ್ಕೆ ಎಷ್ಟು ಸಲ, ಯಾವ ಕೆಲಸಕ್ಕೆ ರೇಗುತ್ತಾನೆ ಎಂಬುದರಿಂದ ಅವನ ಕೈಕಾಲು ಕಣ್ಣುಗಳ ರೋಗವನ್ನು ಅವನಿಗಿಂತ ಮೊದಲೇ ಹಿಡಿಯಬಹುದಾಗಿತ್ತು. ಕಿರಿಕಿರಿಯನ್ನು ಇಲ್ಲವಾಗಿಸಲು ಹೊರಟ ಶಮೀಮಾ ಕಿರಿಕಿರಿಯನ್ನು ಅಳೆದವರೆಂದು ಹೆಸರಾದರು.

ಅದೆಲ್ಲ ಆಮೇಲಿನ ಮಾತು. ಶಸ್ತ್ರಚಿಕಿತ್ಸೆಯಾದ ಹನ್ನೊಂದನೆಯ ದಿನ ಕೈಗೆ ವ್ಯಾಯಾಮ ಕಲಿಸುವವಳು ದಿಗಂಬರನ ಮುಂದೆ ಎರಡು ಬಟ್ಟಲು ಇಟ್ಟು ಹೋದಳು. ಒಂದರ ತುಂಬ ಅಲಸಂದಿ ಕಾಳು. ಎಡಗೈಯಿಂದ ಒಂದೊಂದೇ ಕಾಳೆತ್ತಿ ಖಾಲಿ ಬಟ್ಟಲಿಗೆ ಹಾಕಬೇಕು. ಸುಲೋಚನಾ ಕಿಟಕಿಯ ಬಳಿ ಕೂತು ನೋಡುತ್ತಿದ್ದಳು. ಇಷ್ಟು ದಿನಗಳಲ್ಲಿ ಅವಳು ಅತ್ತಿರಲಿಲ್ಲ. ಹಾಲು ತಂದಳು, ಔಷಧಿ ತಂದಳು, ಅತ್ತಿಗೆಗೆ ಫೋನು ಮಾಡಿದಳು, ಎಲ್ಲವನ್ನೂ ಇನ್ನೊಬ್ಬರ ಕೈಯಿಂದ ಮಾಡಿಸಿದಂತೆ ಮಾಡಿದಳು.

ಒಂದು ಕಾಳು ಜಾರಿತು. ಇನ್ನೊಂದು ಅರ್ಧ ದಾರಿಗೆ ಬಂದು ಬಿತ್ತು. ಏಳನೆಯದೋ ಎಂಟನೆಯದೋ ಬಟ್ಟಲಿನ ಅಂಚಿಗೆ ತಾಗಿ ಆಚೆಗೆ ಉರುಳಿತು. ದಿಗಂಬರನ ಮುಖ ಕೆಂಪಾಯಿತು.

"ಇದರ ಮನಿ ಹಾಳಾಗ!" ಎಂದು ಒದರಿ ಬಲಗೈಯಿಂದ ಬಟ್ಟಲಿಗೆ ಹೊಡೆದ. ಕಾಳೆಲ್ಲ ವಾರ್ಡಿನ ತುಂಬ ಚೆಲ್ಲಾಡಿತು. ಪಕ್ಕದ ಹಾಸಿಗೆಯವರು ಎದ್ದು ಕುಳಿತರು. ದಾದಿ ಬಾಗಿಲಿಗೆ ಬಂದಳು.

ಸುಲೋಚನಾ ಎದ್ದು ನಿಂತಳು. ಹೊಟ್ಟೆಯ ಆಳದಿಂದ ಬಿಸಿಯಾದದ್ದೇನೋ ಮೇಲಕ್ಕೆ ಬಂತು. ಅದನ್ನು ಯಾರೂ ತಡೆಯಲಿಲ್ಲ.

"ಏನಂತ ತಿಳಕೊಂಡೀ? ಆರಿಸೋರು ಯಾರು, ನಿಮ್ಮಪ್ಪ ಬರತಾನೇನು?"

"ನಮ್ಮಪ್ಪ ನಿಮ್ಮಪ್ಪನೂ ಹೌದು!"

"ಗೊತ್ತೈತಿ! ಅದಕ್ಕs ನನಗೀ ಗತಿ ಬಂದೈತಿ!"

ಅವಳು ನೆಲಕ್ಕೆ ಕೂತು, ಮಂಚದ ಕೆಳಗೆ ಕೈ ಚಾಚಿ ಕಾಳು ಆರಿಸತೊಡಗಿದಳು. ಕಣ್ಣು ಮಂಜಾಗಿ ಕಾಳಿಗೂ ನೆಲದ ಚುಕ್ಕೆಗೂ ವ್ಯತ್ಯಾಸ ಕಾಣದಾಯಿತು. ಆದರೂ ಬೈಯುತ್ತಲೇ ಆರಿಸಿದಳು. ಮೇಲಿನಿಂದ ಅವನೂ ಬೈಯುತ್ತಿದ್ದ. ಆರಿಸಿದ್ದನ್ನೆಲ್ಲ ತಂದು ಅವನ ಮುಂದಿನ ಬಟ್ಟಲಿಗೆ ಸುರಿದು, ಮೂಗು ಒರೆಸಿಕೊಂಡು, "ಹೂಂ, ಹಾಕು," ಎಂದಳು.

ದಿಗಂಬರ ಅವಳನ್ನು ದುರುಗುಟ್ಟಿ ನೋಡಿ ಎಡಗೈ ಚಾಚಿದ.