ಪಕ್ಕದ ಸೀಟಿನ ತೂಕ

ತಿರುವು ಬಂದರೆ ಸಾಕು, ರೋವೆನಾಳ ಹಳೆಯ ಹೋಲ್ಡನ್ ಕಾರು ತೂಕಡಿಸುವವರ ಹಾಗೆ ಪಕ್ಕಕ್ಕೆ ಒರಗುತ್ತಿತ್ತು.

"ಇದನ್ನ ಓಡಿಸ್ತೀಯೋ, ಜೋಗುಳ ಹಾಡಿ ಮಲಗಿಸ್ತೀಯೋ?" ಗ್ಯಾರೇಜಿನ ಎಮಿಲ್ ಮೊದಲ ದಿನವೇ ಕೇಳಿದ್ದ.

"ಮಲಗಿದ್ದನ್ನ ಎಬ್ಬಿಸೋದು ನಿನ್ನ ಕೆಲಸ. ಅದಕ್ಕೇ ತಂದಿರೋದು."

ಅವನು ನಗಲಿಲ್ಲ. ಆದರೆ ಕಾರಿನ ಕೆಳಗೆ ಬಗ್ಗುವ ಮೊದಲು ಒಮ್ಮೆ ತಿರುಗಿ ನೋಡಿದ. ಅವನ ಕಿವಿಯ ಹಿಂದೆ ಗ್ರೀಸ್ ಮೆತ್ತಿಕೊಂಡಿತ್ತು. ಹೇಳೋಣವೆಂದುಕೊಂಡ ರೋವೆನಾ ಸುಮ್ಮನಾದಳು. ನೋಡಲು ಚೆನ್ನಾಗಿತ್ತು.

ಬರೋಸಾ ಕಣಿವೆಯ ಗುಡ್ಡದ ರೇಸಿನಲ್ಲಿ ಕಾರುಗಳು ಒಂದೊಂದಾಗಿ ಬುಡದಿಂದ ನೆತ್ತಿಗೆ ಓಡುತ್ತವೆ. ಬೇಗ ತಲುಪಿದವರು ಗೆದ್ದಂತೆ. ಅಲ್ಲಿ ರೋವೆನಾ ಪ್ರತಿ ಸಲವೂ ಕೊನೆಯವಳು. ಋತುವಿನ ಕಡೆಯ ರೇಸಿನಲ್ಲಾದರೂ ಕೊನೆಯವಳಾಗಬಾರದೆಂದು ಅವಳ ಹಟ.

ಆ ಶರತ್ಕಾಲವೆಲ್ಲ, ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಅದನ್ನು ವಿಂಗಡಿಸುವ ಕೆಲಸ ಮುಗಿಸಿ ಅವಳು ಗ್ಯಾರೇಜಿಗೆ ಬರುತ್ತಿದ್ದಳು. ಮೆತ್ತನೆಯ ಸ್ಪ್ರಿಂಗ್‌ಗಳು ಹೋಗಿ ಗಟ್ಟಿಯಾದವು ಬಂದವು. ಕಾರು ವಾಲದಂತೆ ಎರಡು ಚಕ್ರಗಳ ನಡುವೆ ದಪ್ಪ ಕಂಬಿ ಕೂತಿತು. ಕೀರಲು ದನಿಯ ಹಳೆಯ ಟೈರುಗಳ ಜಾಗಕ್ಕೆ ರಸ್ತೆಯನ್ನು ಬಿಗಿಯಾಗಿ ಹಿಡಿಯುವ ರೇಡಿಯಲ್ ಟೈರುಗಳು ಬಂದವು. ಎಮಿಲ್‌ನ ತಾಯಿ ಹಿಲ್ಡಾ ಕೇಕು ತಂದಿಟ್ಟು, ಸ್ಪ್ಯಾನರ್ ಎತ್ತಿಕೊಂಡು ತಾವೂ ಕೆಲಸಕ್ಕೆ ಕೂರುತ್ತಿದ್ದರು.

ಕಾರು ಸರಿಹೋಗುತ್ತ ಬಂದಂತೆ ರೋವೆನಾಳ ಮನಸ್ಸು ಪೆಚ್ಚಾಗತೊಡಗಿತು. ಸರಿಹೋದ ಕಾರನ್ನು ಯಾವ ನೆಪದಲ್ಲಿ ಗ್ಯಾರೇಜಿಗೆ ತರುವುದು?

ಉಳಿದದ್ದು ತೂಕ ಹೊಂದಿಸುವುದೊಂದೇ. ಓಡಿಸುವವರನ್ನು ಒಳಗೆ ಕೂರಿಸಿ, ಚಕ್ರಕ್ಕೊಂದರಂತೆ ನಾಲ್ಕು ತೂಕದ ಯಂತ್ರಗಳ ಮೇಲೆ ಕಾರು ನಿಲ್ಲಿಸಿ, ಭಾರ ನೋಡಿಕೊಂಡು ಸ್ಪ್ರಿಂಗ್‌ಗಳನ್ನು ಏರಿಸಿ ಇಳಿಸಬೇಕು. ರೋವೆನಾ ಸ್ಟಿಯರಿಂಗ್ ಮುಂದೆ ಕೂತಳು. ಸ್ಟಿಯರಿಂಗ್ ನೇರ ಇದೆಯೇ ನೋಡಲೆಂದು ಎಮಿಲ್ ಪಕ್ಕದ ಸೀಟಿಗೆ ಹತ್ತಿದ. ಹೊರಗೆ ಹಿಲ್ಡಾ ಅಂಕಿ ಓದುತ್ತ ನಟ್ಟು ತಿರುಗಿಸುತ್ತಿದ್ದರು.

"ಭಾನುವಾರ ರೇಸ್ ಆದ್ಮೇಲೆ?" ಎಮಿಲ್ ಕೇಳಿದ.

"ಆದ್ಮೇಲೆ ಏನು?"

ಅವನು ಗಾಜಿನ ಮೇಲಿಲ್ಲದ ಧೂಳು ಒರೆಸಿದ. "ಏನಿಲ್ಲ. ಟೈರಿನ ಗಾಳಿ ನೋಡಿಸ್ಕೋ."

"ಬರೀ ಗಾಳಿನಾ?"

"ಎಣ್ಣೆನೂ."

ಅವಳು ನಕ್ಕುಬಿಟ್ಟಳು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಹಿಲ್ಡಾ "ಮುಗೀತು" ಎಂದಾಗ ಇಬ್ಬರಿಗೂ ಬೇಸರವೇ ಆಯಿತು.

ಭಾನುವಾರ ಮೊದಲ ಓಟ ಮುಗಿಸಿ ಬಂದ ರೋವೆನಾ ಹೆಲ್ಮೆಟ್ ತೆಗೆದಳು. "ಎಡಕ್ಕೆ ಹೇಳಿದ ಮಾತು ಕೇಳತ್ತೆ. ಬಲಕ್ಕೆ ತಿರುಗಿಸಿದ್ರೆ ಮುನಿಸ್ಕೊಳತ್ತೆ. ಮತ್ತೆ ನಾನೇ ಕೊನೆ."

ಎಮಿಲ್ ಟೈರು ಮುಟ್ಟಿ ನೋಡಿದ, ಕಂಬಿ ಅಲ್ಲಾಡಿಸಿದ, ಕಾರಿನ ಕೆಳಗೆ ತೂರಿ ಹೊರಬಂದ. ಎಲ್ಲ ಸರಿಯಾಗಿತ್ತು.

ಹಿಲ್ಡಾ ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದರು. "ಅವತ್ತು ತೂಕ ಹಾಕ್ವಾಗ ನೀನೆಲ್ಲಿದ್ಯೋ?"

"ಕಾರೊಳಗೆ..." ಎಂದವನು ಅಲ್ಲೇ ನಿಂತ. ಅವನ ಕಿವಿಗಳು ಕೆಂಪಾದವು. "ಅಯ್ಯೋ. ಇಳಿಯೋದೇ ಮರೆತೆ."

ಇಷ್ಟು ವರ್ಷ ಎಷ್ಟೋ ಕಾರುಗಳನ್ನು ತೂಗಿದವನು ತನ್ನ ಭಾರವನ್ನೂ ಸೇರಿಸಿ ಸ್ಪ್ರಿಂಗ್ ಹೊಂದಿಸಲು ಬಿಟ್ಟಿದ್ದ. ರೇಸಿನಲ್ಲಿ ಓಡಿಸುವವಳು ಮಾತ್ರ ಒಬ್ಬಳೇ, ಪಕ್ಕದ ಸೀಟು ಖಾಲಿ; ಅದಕ್ಕೇ ಬಲಕ್ಕೆ ಆ ಮುನಿಸು.

"ನಿಮಗೆ ಗೊತ್ತಿತ್ತಾ ಹಿಲ್ಡಾ?" ರೋವೆನಾ ಕೇಳಿದಳು.

"ಅಂಕಿ ಓದಿದ್ದೇ ನಾನಲ್ವೇನೇ."

"ಹೇಳ್ಬಾರ್ದಿತ್ತಾ?"

"ಅಷ್ಟು ಚೆನ್ನಾಗಿ ಮಾತಾಡ್ತಾ ಕೂತಿದ್ರಿ. ಇಳಿಯೋ ಅನ್ನೋಕೆ ಬಾಯಿ ಬರ್ಲಿಲ್ಲ."

ಎಮಿಲ್ ತಲೆ ಎತ್ತದೆ ಸ್ಪ್ಯಾನರ್ ಹಿಡಿದು ಮಂಡಿಯೂರಿದ. "ಇನ್ನೊಂದು ಓಟ ಇದೆ. ನೀನೊಬ್ಬಳೇ ಇರೋ ಹಾಗೆ ಸರಿ ಮಾಡ್ತೀನಿ."

ಆ ಮಾತು ರೋವೆನಾಳಿಗೆ ಚುರುಕ್ಕೆಂದಿತು. ಆದರೂ ತಡೆಯಲಿಲ್ಲ. ರೇಸೆಂದರೆ ರೇಸೇ.

ಎರಡನೇ ಓಟದಲ್ಲಿ ಕಾರು ಎಡಕ್ಕೂ ಬಲಕ್ಕೂ ದಾರ ಕಟ್ಟಿ ಎಳೆದ ಹಾಗೆ ತಿರುಗಿತು. ಪಟ್ಟಿಯಲ್ಲಿ ಅವಳ ಕೆಳಗೆ ಒಬ್ಬರಿದ್ದರು. ಒಬ್ಬರೇ. ಸಾಕಾಗಿತ್ತು.

ಗುಡ್ಡದ ಬುಡದಲ್ಲಿ ಎಮಿಲ್ ತಮ್ಮ ಟ್ರಕ್ಕಿಗೆ ಸಾಮಾನು ತುಂಬುತ್ತಿದ್ದ. "ಇನ್ನು ಕಾರಿಗೇನೂ ಬೇಕಾಗಿಲ್ಲ," ಎಂದ, ಕೆಟ್ಟ ಸುದ್ದಿ ಹೇಳುವವನ ಹಾಗೆ.

ರೋವೆನಾ ಪೆಟ್ಟಿಗೆಯಿಂದ ಸ್ಪ್ಯಾನರ್ ಎತ್ತಿ ಅವನ ಕೈಗಿಟ್ಟಳು. ಉಣ್ಣೆಯ ಜಿಡ್ಡಿನಿಂದ ಮೆತ್ತಗಾದ ಅವಳ ಬೆರಳು ಅವನ ಬೆರಳ ಮೇಲೆಯೇ ಉಳಿಯಿತು.

"ಬೇಕು. ಮತ್ತೆ ಮೊದಲಿನ ಹಾಗೇ ಮಾಡು."

"ಮೊದಲಿನ ಹಾಗೆ ಅಂದ್ರೆ?"

"ನೀನು ಇಳಿಯೋದು ಮರೆತಿದ್ದ ಹಾಗೆ. ಮನೆ ದಾರೀಲಿ ಬಲ ತಿರುವು ಬಹಳ ಇವೆ."

ಎಮಿಲ್ ಅವಳನ್ನೇ ನೋಡಿದ. ಈ ಸಲ ತಿರುಗಿ ಬಗ್ಗಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ಟ್ರಕ್ ಕೀ ಇಲ್ಲಿ ಕೊಡು," ಹಿಲ್ಡಾ ಕೈ ಚಾಚಿದರು. "ನಿಮ್ಮ ನಟ್ಟು ಮುಗಿಯೋವರೆಗೂ ನಾನಿಲ್ಲಿ ಒಣಗ್ಲಾ?"

ದ್ರಾಕ್ಷಿತೋಟಗಳ ನಡುವೆ ಬಿಸಿಲು ಇಳಿಯುತ್ತಿತ್ತು. ತಿರುವುಗಳೆಲ್ಲ ಕಳೆದು ನೇರ ರಸ್ತೆ ಸಿಕ್ಕ ಮೇಲೆ ರೋವೆನಾ ಮೆಲ್ಲಗೆ ಅಂದಳು, "ಒರಗ್ತಾ ಇದೆ."

"ಯಾವ ಕಡೆಗೆ?" ಪಕ್ಕದ ಸೀಟಿನಲ್ಲಿದ್ದ ಎಮಿಲ್ ಗಾಬರಿಯಿಂದ ಕಿಟಕಿಯಾಚೆ ಬಗ್ಗಿದ.

"ಕಾರಲ್ಲ ಮಾರಾಯ."