ಗಾಡಿ ಸಮುದ್ರ ಮುಟ್ಟುವವರೆಗೆ

"ಈ ಕನ್ನಡಕ ಸರಿಯಿಲ್ಲ."

ಬಂದವನು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟು ನಿಂತೇ ಇದ್ದ. ಪ್ಯಾಂಟಿನ ಅಂಚಿಗೆ ಸಗಣಿ ಮೆತ್ತಿತ್ತು. ದಿನವಿಡೀ ಓಡಾಡಿದ ದಣಿವು ಮುಖದಲ್ಲಿತ್ತು.

ಬಿಂದು ತಲೆಯೆತ್ತಿ ನೋಡಿದಳು. ಸಾಗರದ ಪೇಟೆಯಲ್ಲಿ ಅವಳು ಕನ್ನಡಕದ ಅಂಗಡಿ ಇಟ್ಟು ಬಹಳ ವರ್ಷಗಳಾಗಿದ್ದವು. ದೂರು ಹೇಳುವವರು ಅವಳಿಗೆ ಹೊಸಬರಲ್ಲ. ಆದರೆ ಈ ಮನುಷ್ಯ ದೂರನ್ನೂ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿದವನಂತೆ ಗೋಡೆಯ ಕಡೆ ನೋಡುತ್ತಿದ್ದ.

ಹಿಂದಿನ ವಾರ ಬಂದಿದ್ದಾಗ, ಓದಲು ಕಷ್ಟವಾಗುತ್ತದೆ ಎಂದಷ್ಟೇ ಹೇಳಿದ್ದ. ಅವಳು ಓದುವ ಕನ್ನಡಕವನ್ನೇ ಮಾಡಿಕೊಟ್ಟಿದ್ದಳು. ಹೆಸರು ಪೂರ್ಣೇಶ್. ತೀರ್ಥಹಳ್ಳಿ ಕಡೆಯವನು, ಪಶುವೈದ್ಯ.

"ಪುಸ್ತಕ ಎಷ್ಟು ದೂರ ಹಿಡ್ಕೊಂತೀರಿ ಡಾಕ್ಟ್ರೇ?"

"ಒಂದು... ಹತ್ತಡಿ."

"ಹತ್ತಡಿ ದೂರದಲ್ಲಿ ಪುಸ್ತಕನ ಯಾರು ಹಿಡ್ಕೊಂಡಿರ್ತಾರೆ?"

ಅವನು ಬಾಗಿಲ ಕಡೆ ನೋಡಿದ. ಬೇರೆ ಗಿರಾಕಿಗಳಿಲ್ಲ ಎಂದು ಖಾತ್ರಿಯಾದ ಮೇಲೆ, ಪುಸ್ತಕವಲ್ಲ, ಟಿವಿಯ ಕೆಳಗೆ ಬರುವ ಅಕ್ಷರಗಳು ಎಂದ. ವಾರ್ತೆಯೇ ಎಂದು ಬಿಂದು ಕೇಳಿದಳು. ಅಲ್ಲ ಎಂದು ತಲೆಯಾಡಿಸಿದ.

"ಗೇಮು," ಎಂದ ಕೊನೆಗೆ.

ನಲವತ್ತು ದಾಟಿದ ಗಂಡಸು. ಕಿವಿಯವರೆಗೂ ಕೆಂಪೇರಿತ್ತು.

ಬಿಂದು ನಗಲಿಲ್ಲ. "ಹೊಡೆಯೋ ಗೇಮಾ, ಮಾತಾಡೋ ಗೇಮಾ?"

ಅವನು ಆಗ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. "ಮಾತಾಡೋದು. ಕಥೆ ಇರೋದು... ನಿಮಗೆ ಹೆಂಗೆ ಗೊತ್ತು?"

ಅವಳಿಗೆ ಗೊತ್ತಿತ್ತು. ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅಣ್ಣ ದುರ್ಗೇಶ್ ಮನೆಗೊಂದು ಹಳೆಯ ಕಂಪ್ಯೂಟರ್ ತಂದಿದ್ದ. ಅಣ್ಣ ಗುಂಡಿ ಒತ್ತಬೇಕು, ತಂಗಿ ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಅರ್ಥ ಹೇಳಬೇಕು. ಹೀಗೆ ಇಬ್ಬರೂ ಎಷ್ಟೋ ರಾಜ್ಯಗಳನ್ನು ದಾಟಿದ್ದರು. ಆಮೇಲೆ ದುರ್ಗೇಶನಿಗೆ ಹೊಸನಗರದಲ್ಲಿ ಅಂಗಡಿಯಾಯಿತು, ಸಂಸಾರವಾಯಿತು. ಅಮ್ಮ ಬೆಳ್ಳಮ್ಮ ಹಾಸಿಗೆ ಹಿಡಿದಳು. ಆರೈಕೆ ಬಿಂದುವಿನ ಪಾಲಿಗೆ ಬಂತು. ಕಂಪ್ಯೂಟರ್ ಗುಜರಿಗೆ ಹೋಯಿತು.

ಅಮ್ಮ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು.

ಅವಳು ಅವನ ಕಣ್ಣನ್ನು ಮತ್ತೆ ಪರೀಕ್ಷಿಸಿ, ದೂರದ ಕನ್ನಡಕ ಮಾಡಿಕೊಟ್ಟಳು. ಅದನ್ನು ಒಯ್ಯಲು ಬಂದ ದಿನ ಅವನು ಬಹಳ ಹೊತ್ತು ನಿಂತು, ಒಬ್ಬನೇ ಆಡಿದರೆ ಏನು ಉತ್ತರ ಕೊಡಬೇಕೋ ತಿಳಿಯುವುದಿಲ್ಲ ಎಂದು ಹೇಳಿದ. ಅದು ಕರೆಯೋ, ಬರಿಯ ಮಾತೋ ಎಂದು ಬಿಂದುವಿಗೆ ಗೊತ್ತಾಗಲಿಲ್ಲ. ಆದರೂ ಆ ಭಾನುವಾರ ಮಧ್ಯಾಹ್ನ ಹೋದಳು.

ಅವನ ಬಾಡಿಗೆ ಮನೆ ಜೋಗದ ರಸ್ತೆಯಲ್ಲಿತ್ತು. ಪಕ್ಕದಲ್ಲೇ ಮನೆಯ ಒಡತಿ ಮೂಕಮ್ಮ. ಬಿಂದು ಬಂದಾಗಲೆಲ್ಲ ಪೂರ್ಣೇಶ್ ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದ. ಮೂಕಮ್ಮ ಬೆಳ್ಳುಳ್ಳಿಯ ಮೊರ ಹಿಡಿದು ಹೊಸ್ತಿಲ ಬಳಿ ಕೂರುತ್ತಿದ್ದಳು. ಮೊದಲು ಇವರಿಬ್ಬರ ಮೇಲೆ ಕಣ್ಣಿಡಲು ಕೂತವಳು, ಎರಡನೆಯ ವಾರದಿಂದ ಟಿವಿಯ ಮೇಲೆ ಕಣ್ಣಿಟ್ಟಳು.

ಕಥೆ ಸರಳವಾದದ್ದು. ಬೆಟ್ಟದ ಊರಿನಲ್ಲಿ ಒಬ್ಬ ಮುದುಕಿ. ಸಾಯುವ ಮೊದಲು ಸಮುದ್ರ ನೋಡಬೇಕು ಎಂಬುದು ಅವಳ ಆಸೆ. ಮಗಳು ಅವಳನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಹೊರಟಿದ್ದಾಳೆ. ದಾರಿಯುದ್ದಕ್ಕೂ ಮುದುಕಿ ಏನಾದರೂ ಕೇಳುತ್ತಾಳೆ. ಮಗಳು ಕೊಡಬಹುದಾದ ಮೂರು ಉತ್ತರಗಳು ಕೆಳಗೆ ಬರುತ್ತವೆ. ಆಡುವವರು ಒಂದನ್ನು ಆರಿಸಬೇಕು.

ಪೂರ್ಣೇಶ್ ಓದುತ್ತಿದ್ದ, ಬಿಂದು ಒತ್ತುತ್ತಿದ್ದಳು. ಇಬ್ಬರೂ ಒಪ್ಪದೆ ಯಾವ ಉತ್ತರವನ್ನೂ ಒತ್ತಬಾರದು ಎಂದು ಮೊದಲ ದಿನವೇ ಮಾತಾಗಿತ್ತು.

ಒಮ್ಮೆ ಮುದುಕಿ, ನಾನು ನಿನಗೆ ಭಾರವಾದೆನೇ ಎಂದು ಕೇಳಿದಳು. ಇಲ್ಲ ಎನ್ನೋಣ ಎಂದ ಪೂರ್ಣೇಶ್. ಬಿಂದು ಒಪ್ಪಲಿಲ್ಲ.

"ಹೌದು ಅನ್ನಿ. ಅಮ್ಮಂದಿರಿಗೆ ಸುಳ್ಳು ಗೊತ್ತಾಗತ್ತೆ."

ಅಂದಿನ ಮಧ್ಯಾಹ್ನವೆಲ್ಲ ಆ ಒಂದು ಉತ್ತರದ ಚರ್ಚೆಯಲ್ಲೇ ಕಳೆಯಿತು. ಮೂಕಮ್ಮ ಬೇಸತ್ತು, "ಎಂಥದಾದ್ರೂ ಒಂದು ಹೇಳ್ರೋ ಮಾರಾಯ್ರೆ, ಅಜ್ಜಿ ಬಿಸ್ಲಲ್ಲಿ ಕೂತಿದೆ," ಎಂದಳು. ಕೊನೆಗೆ ಹೌದು ಎಂದೇ ಒತ್ತಿದರು. ಪರದೆಯ ಮೇಲಿನ ಮುದುಕಿ ಗಟ್ಟಿಯಾಗಿ ನಕ್ಕಳು. ಬಿಂದುವೂ ನಕ್ಕಳು... ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ವಾರಗಳು ಉರುಳಿದವು. ಹಿನ್ನೀರಿಗೆ ಸೇತುವೆಯಾದ ಮೇಲೆ ಆಚೆ ದಡದ ಬ್ಯಾಕೋಡು ಕಡೆಯಿಂದಲೂ ಪೂರ್ಣೇಶನಿಗೆ ಕರೆಗಳು ಹೆಚ್ಚಾಗಿದ್ದವು. ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಜಾತಿ ಬೇರೆ ಎಂಬ ಮಾತು ಎರಡೂ ಮನೆಗಳಲ್ಲಿ ಒಂದೊಂದು ಸಲ ಎದ್ದು, ಇವರ ವಯಸ್ಸನ್ನು ನೋಡಿ ತಾನೇ ಕೂತಿತು.

ಒಂದು ಭಾನುವಾರ ಅವನು ಟಿವಿಯನ್ನೇ ನೋಡುತ್ತ, ತನ್ನನ್ನು ಮದುವೆಯಾಗಲು ಒಪ್ಪಿಗೆಯೇ ಎಂದು ಕೇಳಿದ.

ಬಿಂದುವಿನ ಮನಸ್ಸು ಆಗಲೇ ಒಪ್ಪಿತ್ತು. ಆದರೆ ಬಹಳ ದಿನಗಳ ಮೇಲೆ ಬಂದ ಸಂತೋಷವನ್ನು ಒಂದೇ ಗುಟುಕಿಗೆ ಮುಗಿಸಲು ಅವಳಿಗೆ ಇಷ್ಟವಾಗಲಿಲ್ಲ.

"ಗಾಡಿ ಸಮುದ್ರ ಮುಟ್ಲಿ. ಆವತ್ತು ಹೇಳ್ತೀನಿ."

ಆಗಲಿ ಎಂದು ಅವನು ನಕ್ಕ.

ಅದೇ ದಿನ ಸಂಜೆ ಆಟದ ಮುದುಕಿ ಮೊದಲ ಬಾರಿ ಕೆಮ್ಮಿದಳು. ಬಿಂದುವಿನ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಇವತ್ತಿಗೆ ಸಾಕು ಎಂದು ಎದ್ದಳು.

ಮುಂದಿನ ವಾರ ಬಂದಾಗ ಟಿವಿ ಆರಿತ್ತು. ಪೂರ್ಣೇಶ್ ಚಹಾ ಕೊಟ್ಟು, ಅವಳ ಮುಖ ನೋಡದೆ ಹೇಳಿದ.

"ಆ ಗೇಮ್ ಕೆಟ್ಟೋಗಿದೆ. ಬೇರೆ ಯಾವ್ದಾದ್ರೂ ಶುರು ಮಾಡಣ."

ಬಿಂದು ಲೋಟ ಕೆಳಗಿಟ್ಟಳು. ಗಾಡಿ ಇನ್ನು ಸಮುದ್ರ ಮುಟ್ಟುವುದಿಲ್ಲ. ಹಾಗಾದರೆ ಅವಳ ಉತ್ತರವೂ ಇವನಿಗೆ ಬೇಡವಾಯಿತೇ? ಕೇಳಿದ್ದನ್ನು ಹಿಂದಕ್ಕೆ ಪಡೆಯಲು ನಾಚಿಕೆಯಾಗಿ, ಆಟದ ನೆಪ ಹೇಳುತ್ತಿದ್ದಾನೆಯೇ?

'ಮೂವತ್ತಾರು ವರ್ಷದವಳು ಕಾಯಿಸಿ ನೋಡಬಾರದಿತ್ತು...' ಎಂದುಕೊಂಡಳು. ಅಂಗಡಿಯಲ್ಲಿ ಕೆಲಸವಿದೆ ಎಂದು ಹೇಳಿ ಎದ್ದು ಬಂದಳು.

ಆಮೇಲೆ ಅವನು ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದ್ದೇನೆ ಎಂದಳು, ಬಿಡುವಿಲ್ಲ ಎಂದಳು. ಅವಳಿಗೇಕೆ ಸಿಟ್ಟು ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯದವನು ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಭಾನುವಾರಗಳು ಬಂದು ಹೋದವು.

ಒಂದು ಬೆಳಿಗ್ಗೆ ಮೂಕಮ್ಮ ಕನ್ನಡಕದ ಕಡ್ಡಿ ಸಡಿಲವಾಯಿತೆಂದು ಅಂಗಡಿಗೆ ಬಂದಳು. ಬಿಂದು ತಿರುಪು ಬಿಗಿಮಾಡುತ್ತಿರುವಾಗ ಮೂಕಮ್ಮ ಕೇಳಿದಳು.

"ಬರೋದೇ ಬಿಟ್ಯಲ್ಲ ತಂಗಿ. ಅಜ್ಜಿ ಸತ್ತೋಯ್ತು ಅಂತನಾ?"

"ಯಾವಜ್ಜಿ?"

"ಗಾಡೀಲಿ ಕೂತಿತ್ತಲ್ಲ, ಆ ಅಜ್ಜಿ. ಸಮುದ್ರ ಕಂಡು ಕಣ್ಣು ಮುಚ್ಚಿತು. ಪುಣ್ಯವಂತೆ. ಅಜ್ಜಿ ಕೆಮ್ಮಿತಲ್ಲ, ಆ ವಾರದಲ್ಲೇ ಡಾಕ್ಟ್ರು ಒಬ್ರೇ ಕೂತು ಆಡ್ತಿದ್ರು, ನಾ ಬಾಗ್ಲಲ್ಲಿ ನಿಂತು ನೋಡ್ದೆ. ಟಿವಿ ಆರ್ಸಿ ಸುಮ್ನೆ ಕೂತ್ಬಿಟ್ರು. ಕಾಫಿ ಕೊಟ್ರೆ ಅದನ್ನೂ ಮುಟ್ಲಿಲ್ಲ."

ಬಿಂದುವಿನ ಕೈಯಲ್ಲಿದ್ದ ತಿರುಪು ಜಾರಿ ಬಿತ್ತು. ಹುಡುಕಿ ತೆಗೆದು, ಬಿಗಿಮಾಡಿ, ಒರೆಸಿ ಕೊಟ್ಟಳು. ಮೂಕಮ್ಮ ಮೆಟ್ಟಿಲಿಳಿದ ಕೂಡಲೇ ಅವನಿಗೆ ಫೋನ್ ಮಾಡಿದಳು. ವರದಹಳ್ಳಿಯ ಹತ್ತಿರ ಒಂದು ಮನೆಗೆ ಕರುವನ್ನು ನೋಡಲು ಬಂದಿದ್ದೇನೆ ಎಂದ. ಅಲ್ಲಿನ ಆಶ್ರಮದ ಮೆಟ್ಟಿಲ ಬಳಿ ಇರಿ, ಬರುತ್ತೇನೆ ಎಂದು ಹೇಳಿ, ಅವಳು ಅಂಗಡಿಗೆ ಬೀಗ ಹಾಕಿ ಆಟೋ ಹಿಡಿದಳು.

ಆಶ್ರಮಕ್ಕೆ ಹತ್ತುವ ಮೆಟ್ಟಿಲುಗಳ ಬಳಿ ಅವನು ಕಾಯುತ್ತಿದ್ದ. ಕೈಕಾಲು ತೊಳೆದು ಬಂದಿದ್ದ. ದರ್ಶನ ಮುಗಿಸಿದ ಜನ ಪ್ರಸಾದದ ಪೊಟ್ಟಣ ಹಿಡಿದು ಇಳಿದುಹೋಗುತ್ತಿದ್ದರು. ಅವರಿಗೆ ದಾರಿ ಬಿಟ್ಟು ಇಬ್ಬರೂ ಒಂದು ಪಕ್ಕಕ್ಕೆ ಕೂತರು.

"ಗೇಮ್ ಕೆಟ್ಟಿದ್ಯಾ ಡಾಕ್ಟ್ರೇ?"

ಅವನು ತಲೆ ತಗ್ಗಿಸಿದ. ಕೆಟ್ಟಿಲ್ಲ ಎಂದ. ಇಬ್ಬರೂ ನಿಲ್ಲಿಸಿದ್ದ ಜಾಗ ಹಾಗೆಯೇ ಇದೆ, ಅದರ ಒಂದು ನಕಲು ಮಾಡಿಕೊಂಡು ಆ ನಕಲನ್ನೇ ಮುಂದಕ್ಕೆ ಆಡಿ ನೋಡಿದೆ ಎಂದ. ಮುದುಕಿ ಕೆಮ್ಮಿದಾಗ ಬಿಂದುವಿನ ಮುಖ ನೋಡಿದ್ದನಂತೆ. ಕೊನೆ ಹೇಗಿದೆ ಎಂದು ತಿಳಿದ ಮೇಲೆ ಅದನ್ನು ಅವಳಿಗೆ ತೋರಿಸಲು ಮನಸ್ಸಾಗಲಿಲ್ಲವಂತೆ.

"ನಿಮ್ಮಮ್ಮ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ಮತ್ತೆ ಯಾಕೆ ಅಂತ..."

ಬಿಂದು ಇಳಿದುಹೋಗುತ್ತಿದ್ದ ಜನರನ್ನು ನೋಡಿದಳು. ಅವನೇ ಮುಂದುವರಿಸಿದ.

"ನನ್ನ ಕೆಲ್ಸದಲ್ಲಿ ಒಂದು ರೂಢಿ ಇದೆ. ಹಸು ಉಳಿಯಲ್ಲ ಅಂತ ಗೊತ್ತಾದ್ರೆ, ಬಿಸಿನೀರು ತನ್ನಿ ಅಂತ ಮನೆಯವರನ್ನ ಒಳಗೆ ಕಳಿಸ್ತೀನಿ. ನೀರು ಬೇಕಿರಲ್ಲ. ಅವ್ರು ನೋಡ್ಬಾರ್ದು, ಅಷ್ಟೇ."

"ಅವ್ರು ನೀರು ತರೋ ಹೊತ್ತಿಗೆ?"

"ಮುಗಿದಿರತ್ತೆ."

"ಆ ನೀರನ್ನ ಎಂಥ ಮಾಡ್ತಾರೆ?"

ಇಷ್ಟು ವರ್ಷಗಳಲ್ಲಿ ಅವನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಆಗ ಬಿಂದು, ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಆಸ್ಪತ್ರೆಯಲ್ಲಿ ಆ ದಿನ ಅಣ್ಣ ಅವಳ ತಲೆ ಸವರಿ, ಮನೆಗೆ ಹೋಗಿ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಬಾ ಎಂದಿದ್ದ. ಬೆಳ್ಳಮ್ಮ ಸಂಜೆ ಕಾಣುವುದಿಲ್ಲ ಎಂದು ವೈದ್ಯರು ಅವನೊಬ್ಬನಿಗೇ ಹೇಳಿದ್ದರು. ಬಿಂದು ದೀಪ ಹಚ್ಚಿ, ಅಮ್ಮನಿಗೆ ಗುಣವಾಗಲಿ ಎಂದು ಕೈಮುಗಿದು ಬಂದಳು. ಮಂಚ ಬರಿದಾಗಿತ್ತು.

ಅಂದಿನಿಂದ ದೀಪ ಹಚ್ಚುವುದನ್ನು ಅವಳು ಬಿಟ್ಟಿರಲಿಲ್ಲ. ಆದರೆ ದೀಪದ ಮುಂದೆ ನಿಂತರೆ ಕೇಳಿಕೊಳ್ಳಲು ಏನೂ ತೋಚುತ್ತಿರಲಿಲ್ಲ.

"ಅಣ್ಣನ ಮೇಲೆ ಸಿಟ್ಟಿಲ್ಲ. ಅವ್ನೂ ಪ್ರೀತಿಯಿಂದ್ಲೇ ಮಾಡಿದ್ದು. ಆದ್ರೆ ಇವತ್ತಿಗೂ ಅವನ ಎದುರಿಗೆ ಕೂತ್ರೆ, ಇನ್ನೂ ಎಂಥ ಮುಚ್ಚಿಟ್ಟಿದಾನೋ ಅನ್ಸತ್ತೆ. ನಿಮ್ಮ ಜೊತೆ ಜೀವನಪೂರ್ತಿ ಹಂಗೆ ಕೂರಕ್ಕೆ ನನ್ನಿಂದಾಗಲ್ಲ."

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ.

"ಮತ್ತೆ, ಗೇಮ್ ಕೆಟ್ಟೋಯ್ತು ಅಂದ್ರಲ್ಲ," ಎಂದಳು. "ನನ್ನ ಉತ್ರ ಬೇಡ ಅಂದ್ರಿ ಅಂದ್ಕೊಂಡೆ."

ಪೂರ್ಣೇಶನ ಮುಖ ಬಿಳುಚಿತು. ಆ ಅರ್ಥ ಅವನಿಗೆ ಹೊಳೆದೇ ಇರಲಿಲ್ಲ. ಅವಳನ್ನು ಒಂದು ನೋವಿನಿಂದ ಕಾಯಲು ಹೋಗಿ, ಬೇರೊಂದನ್ನು ತಾನೇ ಕೊಟ್ಟು ಕೂತಿದ್ದ.

"ತಪ್ಪಾಯ್ತು ಬಿಂದು," ಎಂದ. ಯಾವಾಗಲೂ ಹೆಸರಿನ ಜೊತೆ ಬರುತ್ತಿದ್ದ ಅವ್ರೇ ಈ ಸಲ ಸೇರಲಿಲ್ಲ. ಅದು ಇಬ್ಬರ ಗಮನಕ್ಕೂ ಬಂತು. "ಭಾನುವಾರ ಬನ್ನಿ. ಇರೋದು ಇದ್ದ ಹಂಗೇ ನೋಡಣ. ಆಮೇಲೆ ನೀವು ಬೇಡ ಅಂದ್ರೂ ಸರಿ."

ಬಿಂದು ಎದ್ದಳು. ಮೆಟ್ಟಿಲು ಹತ್ತಿ ಹೋಗಿ ಗುರುಗಳ ಸನ್ನಿಧಿಯಲ್ಲಿ ಸ್ವಲ್ಪ ಹೊತ್ತು ಕೂತಳು. ಕೇಳಿಕೊಳ್ಳಲು ಆ ದಿನ ಒಂದು ವಿಷಯವಿತ್ತು.

ಭಾನುವಾರ ಅವಳು ಬಂದಾಗ ಬಾಗಿಲು ತೆರೆದಿತ್ತು, ಟಿವಿ ಹಾಕಿತ್ತು. ಮೂಕಮ್ಮ ಅಂದು ಕೈಯಲ್ಲಿ ಏನೂ ಹಿಡಿಯದೆ ಹೊಸ್ತಿಲಲ್ಲಿ ಕೂತಿದ್ದಳು.

ಗಾಡಿ ಕೊನೆಯ ಗುಡ್ಡವನ್ನು ಇಳಿಯಿತು. ಸಮುದ್ರ ಕಂಡಿತು. ಮುದುಕಿ ಅದನ್ನು ನೋಡಿ, ಇದು ಇಷ್ಟು ಸದ್ದು ಮಾಡುತ್ತದೆಂದು ಯಾರೂ ಹೇಳಿರಲಿಲ್ಲ ಎಂದಳು. ಅವಳ ಉಸಿರು ಸಣ್ಣದಾಯಿತು. ಬರುತ್ತೇನೆ ಮಗಳೇ ಎಂದಳು.

ಕೆಳಗೆ ಮೂರು ಉತ್ತರಗಳು ಮೂಡಿದವು. ಪೂರ್ಣೇಶ್ ಓದಿದ.

"ಹೋಗಬೇಡ. ಹೋಗಿ ಬಾ. ನಾನು ಇಲ್ಲೇ ಇದ್ದೇನೆ."

ಮುಂದೇನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಯಾವುದನ್ನು ಒತ್ತಬೇಕೆಂದು ಹೇಳಲಿಲ್ಲ. ಬಿಂದು ಬಹಳ ಹೊತ್ತು ನೋಡಿದಳು. ಮುದುಕಿ ಕಾಯುತ್ತಿದ್ದಳು.

"ಮೂರನೇದು," ಎಂದಳು ಬಿಂದು.

"ಹೂಂ," ಎಂದ ಅವನು.

ಒತ್ತಿದಳು. ಪರದೆಯ ಮೇಲಿನ ಮಗಳು ತಾಯಿಯ ಕೈ ಹಿಡಿದು ಕೂತಳು. ಅಲೆಗಳು ಬಂದವು, ಹೋದವು. ಆ ಕೈ ನಿಧಾನವಾಗಿ ಸಡಿಲವಾಯಿತು. ಬಿಂದು ಒಮ್ಮೆಯೂ ಕಣ್ಣು ತೆಗೆಯಲಿಲ್ಲ. ಕಣ್ಣೀರು ಗಲ್ಲದಿಂದಿಳಿದು ಸೆರಗನ್ನು ಒದ್ದೆ ಮಾಡಿದರೂ ಒರೆಸಿಕೊಳ್ಳಲಿಲ್ಲ. ಪೂರ್ಣೇಶ್ ಸಮಾಧಾನದ ಮಾತು ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಪಕ್ಕದಲ್ಲೇ ಇದ್ದ.

ಹೊಸ್ತಿಲಲ್ಲಿ ಮೂಕಮ್ಮ ಮೂಗೊರೆಸಿಕೊಂಡು, ಎರಡನೇ ಸಲವೂ ಅಷ್ಟೇ ಕಷ್ಟವಪ್ಪ ಎಂದು ಗೊಣಗುತ್ತ ತನ್ನ ಮನೆಗೆ ಹೋದಳು.

ಪರದೆಯ ಮೇಲೆ ಮಗಳು ಎದ್ದು ನಿಂತಳು. ಅವಳ ಮುಂದೆ ಮರಳಿನಲ್ಲಿ ಒಂದು ದಾರಿ ತೆರೆಯಿತು.

"ಇನ್ನೂ ಇದ್ಯಾ?" ಬಿಂದು ಕೇಳಿದಳು. "ಮುಂದೆ ಎಂಥ ಆಗತ್ತೆ?"

"ನಂಗೂ ಗೊತ್ತಿಲ್ಲ. ಆವತ್ತು ನಾನು ಇಲ್ಲಿಗೇ ಟಿವಿ ಆರ್ಸಿದ್ದೆ."

ಅವಳು ಅವನ ಕಡೆ ತಿರುಗಿದಳು. ಸುಳ್ಳು ಹೇಳುವಾಗ ಬೇರೆ ಕಡೆ ನೋಡುವ ಮನುಷ್ಯ ಈಗ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು.

"ಮುಂದಿನ ವಾರ ಹೊಸನಗರಕ್ಕೆ ಬನ್ನಿ," ಎಂದಳು. "ಅಣ್ಣನ ಮನೆಗೆ. ಮದ್ವೆ ಆಗ್ತೀನಿ ಅಂತ ನಾನೇ ಹೇಳಿರ್ತೀನಿ."

ಪೂರ್ಣೇಶ್ ಉಸಿರು ಬಿಟ್ಟ. ಆಮೇಲೆ ಕೇಳಿದ.

"ನಾಳೆ ನಂಗೇ ಏನಾದ್ರೂ ಆಯ್ತು ಅಂತ ಇಟ್ಕೊಳ್ಳಿ. ಆಗ್ಲೂ ಹೇಳ್ಬೇಕಾ?"

"ಮೊದ್ಲು ನಂಗೇ ಹೇಳ್ಬೇಕು."

"ನೀವು ಅತ್ರೆ?"

"ಅಳ್ತೀನಿ," ಎಂದಳು ಬಿಂದು. "ಅಳೋದು ಕಷ್ಟ ಅಲ್ಲ ಪೂರ್ಣೇಶ್. ಒಬ್ಳೇ ಅಳೋದು ಕಷ್ಟ."