ಗಿಳಿಯ ವಿಳಾಸ

ಗಿಳಿ ತನ್ನ ಕೆಮ್ಮನ್ನೂ ಕದ್ದಿದ್ದಾನೆಂದು ಗೊತ್ತಾದ ದಿನವೇ ತಂತಿ ಅವನನ್ನು ಕಂಪನಿಯಿಂದ ಹೊರಹಾಕಿಸಬೇಕೆಂದು ತೀರ್ಮಾನಿಸಿದ. ಅದು ಕುರ್ಚಿ ಮಾಡುವ ಕಂಪನಿ. ಅಲ್ಲಿನ ಕಂಪ್ಯೂಟರುಗಳನ್ನೂ ಅವುಗಳ ಬಾಲಗಳನ್ನೂ ನೋಡಿಕೊಳ್ಳುತ್ತಿದ್ದವನಿಗೆ ತಂತಿ ಎಂದು ಹೆಸರಿಟ್ಟವನೂ ಗಿಳಿಯೇ. ಮಾತಿಗೆ ಮುಂಚೆ ಎರಡು ಸಲ ಕೆಮ್ಮಿ, "ಅದು ಹಾಗಲ್ಲ, ಹೇಗೆ ಅಂದ್ರೆ..." ಎಂದು ಶುರುಮಾಡುವುದು ತಂತಿಯ ಅಭ್ಯಾಸ. ಗಿಳಿ ಅದನ್ನು ಊಟದ ಕೋಣೆಯಲ್ಲಿ ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಿದ್ದನೆಂದರೆ, ಈಗ ತಂತಿ ನೆಗಡಿಯಾಗಿ ಕೆಮ್ಮಿದರೂ ಜನ ನಗುತ್ತಿದ್ದರು. ತನ್ನ ಗಂಟಲಲ್ಲಿ ತಾನೇ ನಕಲಿ ಮಾಲು ಮಾರುತ್ತಿರುವಂತೆ ಅವನಿಗೆ ಅನ್ನಿಸುತ್ತಿತ್ತು.

ಕಂಡವರ ದನಿಯನ್ನೆಲ್ಲ ನಕಲು ಮಾಡುತ್ತಿದ್ದ ಈ ಗಿಳಿ ಬೇರೆ ಯಾರೂ ಅಲ್ಲ, ತಂತಿಯ ಹೆಂಡತಿಯ ಸ್ವಂತ ತಮ್ಮ. ಕೆಲಸ ಕೊಡಿಸಿದವನು ತಂತಿ. ತಾನಿರುವ ಕಟ್ಟಡದಲ್ಲೇ ಮೇಲಿನ ಮನೆ ಹಿಡಿಸಿಕೊಟ್ಟವನೂ ತಂತಿ. ಈಗ ಕಂಪನಿಯ ಯಜಮಾನರು ಆ ಗಿಳಿಯನ್ನೇ ಇಡೀ ಕಚೇರಿಗೆ ಮೇಲಿನವನನ್ನಾಗಿ ಮಾಡಲು ಹೊರಟಿದ್ದರು. ಮನೆಯಲ್ಲೂ ಮೇಲೆ, ಕಚೇರಿಯಲ್ಲೂ ಮೇಲೆ. ಇಷ್ಟು ವರ್ಷ ಕುರ್ಚಿಗಳ ಮಧ್ಯೆ ಬೆವರು ಸುರಿಸಿದವನಿಗೆ ಸ್ಟೂಲು, ಮೊನ್ನೆ ಬಂದವನಿಗೆ ಕುರ್ಚಿ.

"ಭಾವ, ಇನ್ಮೇಲೆ ರಜಾ ಬೇಕಾದ್ರೆ ನನ್ನ ಕೇಳ್ಬೇಕು," ಎಂದ ಗಿಳಿ, ಮೆಟ್ಟಿಲ ಮೇಲೆ ಸಿಕ್ಕಾಗ. ಎರಡು ಸಲ ಕೆಮ್ಮಿದ. "ಅದು ಹಾಗಲ್ಲ, ಹೇಗೆ ಅಂದ್ರೆ, ಕೊಡ್ತೀನಿ. ಅಕ್ಕನ ಮುಖ ನೋಡಿ ಕೊಡ್ತೀನಿ."

ತಂತಿ ನಕ್ಕ. ಹಲ್ಲಿನಲ್ಲಿ ಮಾತ್ರ.

ಅನುಮಾನ ತಂತಿಯ ಕುಲಕಸುಬು ಎನ್ನಬಹುದು. ಲಿಫ್ಟಿನಲ್ಲಿ ಅಪರಿಚಿತರು ಟೈಮೆಷ್ಟು ಎಂದು ಕೇಳಿದರೆ, ಯಾಕೆ ಕೇಳಿದರು ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಳ್ಳುವವನು. ಮನೆಯ ವೈಫೈ ಪಾಸ್‌ವರ್ಡನ್ನು ಆಗಾಗ ಬದಲಿಸುತ್ತಿದ್ದ, ಬದಲಿಸಿದಾಗಲೆಲ್ಲ ಹೆಂಡತಿಗೆ ಅದೇ ಪಾಠ: "ಯಾರಿಗೂ ಹೇಳ್ಬೇಡ. ಯಾರಿಗೂ ಅಂದ್ರೆ ಯಾರಿಗೂ." ಇಂಥವನು ಹೂಡುವ ಸಂಚಿನಲ್ಲಿ ಬಿರುಕಿರಲು ಸಾಧ್ಯವೇ?

ಸಂಚಿನ ಬೀಜವನ್ನು ಗಿಳಿಯೇ ಕೈಗಿತ್ತಿದ್ದ. ಅವನು ಮೇಲಿನ ಮನೆಯ ಬೀರುವಿನೊಳಗೆ ಒಂದು ಹಳೇ ಕಂಪ್ಯೂಟರನ್ನು ಸದಾ ಆನ್ ಮಾಡಿಟ್ಟು, ತನ್ನ ಮಿಮಿಕ್ರಿಯ ಧ್ವನಿಮುದ್ರಣಗಳನ್ನೆಲ್ಲ ಅದರಲ್ಲಿ ತುಂಬಿದ್ದ. ಎಲ್ಲಿ ಕೂತರೂ ಜನ ಅವನ್ನು ಕೇಳುವಂತಾಗಬೇಕು ಎಂದು ಅವನ ಆಸೆ. ತೊಂದರೆ ಏನೆಂದರೆ, ಮನೆಯ ಇಂಟರ್ನೆಟ್ಟಿಗೆ ಇರುವ ಸಂಖ್ಯೆಯ ವಿಳಾಸ ಇವತ್ತು ಒಂದು, ನಾಳೆ ಇನ್ನೊಂದು, ನೆಂಟರಿಗೆ ಹೆದರಿ ಮನೆ ಬದಲಿಸುವವನ ಹಾಗೆ. ಅದಕ್ಕೆ ಪರಿಹಾರ ಹುಡುಕಿದವನು ತಂತಿ. ಕಂಪನಿಯ ವೆಬ್‌ಸೈಟಿನ ಹೆಸರಿನ ಮುಂದೆ 'ಗಿಳಿ' ಎಂದು ಸೇರಿಸಿ ಒಂದು ಉಪಹೆಸರು ಮಾಡಿದ. ಬೀರುವಿನ ಯಂತ್ರದಲ್ಲಿ ಒಂದು ಪುಟ್ಟ ಪ್ರೋಗ್ರಾಮು ಕೂರಿಸಿದ. ಅದು ಆಗಾಗ ಹೊರಗೆ ಇಣುಕಿ, 'ನಾನೀಗ ಈ ವಿಳಾಸದಲ್ಲಿದ್ದೀನಿ' ಎಂದು, ಯಾವ ಹೆಸರಿಗೆ ಯಾವ ವಿಳಾಸ ಎಂದು ಬರೆದಿಡುವ ದಫ್ತರಕ್ಕೆ ವರದಿ ಒಪ್ಪಿಸುತ್ತಿತ್ತು. ಎದುರಿಗೆ ಯಾವ ರೂಟರೇ ಇರಲಿ, ಅದನ್ನು ಕೇಳಿಕೊಂಡು ಹೊರಗಿನವರಿಗೆ ಬಾಗಿಲು ತೆಗೆಸುವುದನ್ನೂ ಅದಕ್ಕೆ ಕಲಿಸಿದ್ದ. ಯಜಮಾನರು ತಾವೇ ಗಿಳಿಯ ಪುಟ ತೆರೆದು ಕೇಳಿ, ತಮ್ಮದೇ ದನಿಯ ನಕಲಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ದೂರದಿಂದಲೇ ಯಂತ್ರದೊಳಗೆ ಹೋಗುವ ಕೀಲಿಪದ ಮಾತ್ರ ತಂತಿಯ ಬಳಿಯೇ ಉಳಿದಿತ್ತು. ಗಿಳಿಗೆ ಅದರ ನೆನಪೂ ಇರಲಿಲ್ಲ.

ಈಗ ಕಂಪನಿಯಲ್ಲಿ ಒಂದು ಗುಟ್ಟು ಹೊಟ್ಟೆಯೊಳಗಿತ್ತು: ಒಂದೇ ಕೈಯಲ್ಲಿ ಮಡಿಸಿ ಕೊಡೆಯಂತೆ ಹಿಡಿದುಕೊಂಡು ಹೋಗಬಹುದಾದ ಹೊಸ ಕುರ್ಚಿ. ಪೀಠೋಪಕರಣ ಪ್ರದರ್ಶನಕ್ಕೆ ಮುಂಚೆ ಅದರ ನಕ್ಷೆ ಹೊರಬಿದ್ದರೆ ಯಜಮಾನರು ಯಾರ ಮುಖವನ್ನೂ ನೋಡುವವರಲ್ಲ, ಯಾರ ಅಕ್ಕನ ಮುಖವನ್ನೂ.

ತಂತಿ ನಿಧಾನವಾಗಿ ಕೆಲಸ ಮಾಡಿದ. ಮನೆಯಿಂದ ಒಂದು ಗೆರೆಯನ್ನೂ ಕಳಿಸಲಿಲ್ಲ, ಕಚೇರಿಯಿಂದಲೂ ಇಲ್ಲ. ಸಾರ್ವಜನಿಕ ಗ್ರಂಥಾಲಯದ ಮೂಲೆಯ ಮೇಜಿನ ಮುಂದೆ ಕೂತು, ಅಕ್ಕಪಕ್ಕದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ಪೂರ್ತಿ ನಂಬಿಕೊಂಡೇ ನಕ್ಷೆಗಳನ್ನು ಗಿಳಿಯ ಯಂತ್ರಕ್ಕೆ ಸಾಗಿಸಿದ. ಆಮೇಲೆ ಉಪಹೆಸರು ಎಲ್ಲಿಗೆ ಕೈ ತೋರಿಸುತ್ತಿದೆ ಎಂದು ಪರೀಕ್ಷಿಸಿದ. ಸಂಖ್ಯೆ ಹೊಸದಾಗಿತ್ತು. ಆಗಲೇಬೇಕಲ್ಲ, ಬದಲಾಗುವುದೇ ಅದರ ಕೆಲಸ. ಪುಟ ತೆರೆಯಿತು, ನಕ್ಷೆಗಳು ಕಂಡವು. ಆ ಕೊಂಡಿಯನ್ನು ಪೀಠೋಪಕರಣಗಳ ಬಗ್ಗೆ ಬರೆಯುವ ಒಂದು ಪತ್ರಿಕೆಗೆ ಹೆಸರಿಲ್ಲದೆ ಕಳಿಸಿ, ಬೆವರೊರೆಸಿಕೊಂಡು ಮನೆಗೆ ಬಂದ.

ಮೇಲಿನ ಮನೆಗೆ ಬಣ್ಣ ಬಳಿದು ಮುಗಿದು ಕೆಲವು ದಿನಗಳಾಗಿದ್ದರೂ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿ ಮುಚ್ಚಲು ಹೋದಾಗ ಹೊರಗೆ ಒಂದು ಕರಿ ವೈರು ನೇತಾಡುತ್ತಿತ್ತು. ಪೇಂಟರುಗಳು ಬಿಟ್ಟುಹೋದ ಯಾವುದೋ ಹಳೇ ಟಿವಿ ವೈರು ಎಂದುಕೊಂಡು ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಕಿಟಕಿ ಎಳೆದುಕೊಂಡ. ಮನೆಯಲ್ಲಿ ಇಂಟರ್ನೆಟ್ಟು ಆಮೆಗಾಲು ಹಾಕುತ್ತಿತ್ತು. ಎದುರುಮನೆಯ ದಂತವೈದ್ಯ ಕದಿಯುತ್ತಿದ್ದಾನೆ ಎಂದು ಅವನಿಗೆ ಕೂಡಲೇ ಹೊಳೆಯಿತು. ಪಾಸ್‌ವರ್ಡ್ ಬದಲಿಸಿದ.

"ಹೊಸದು ಏನ್ರೀ?" ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ಯಾಕೆ?"

"ಯಾಕೆ ಅಂದ್ರೆ? ಹೊಲಿಗೆ ವಿಡಿಯೋ ನೋಡ್ಬೇಕು. ನಾನೇನು ಕಳ್ಳಿನಾ?"

"ಯಾರಿಗೂ..."

"ಯಾರಿಗೂ ಅಂದ್ರೆ ಯಾರಿಗೂ. ಬಾಯಿಪಾಠ ಆಗಿದೆ, ಹೇಳಿ."

ಹೇಳಿದ.

ಪತ್ರಿಕೆ ನಕ್ಷೆಗಳನ್ನು ಹಾಕಿತು. ಕಚೇರಿಗೆ ಬೆಂಕಿ ಬಿದ್ದಂತಾಯಿತು. ಅವತ್ತೇ ತಂತಿ ಮತ್ತೆ ಗ್ರಂಥಾಲಯಕ್ಕೆ ಹೋಗಿ ಕೊನೆಯ ಕೈಚಳಕ ತೋರಿಸಿದ. ಗಿಳಿಯ ಯಂತ್ರವನ್ನು ಒಂದು ಚೂರೂ ಉಳಿಯದಂತೆ ಒರೆಸಿಹಾಕಿದ. ಸಿಕ್ಕಿಬೀಳುವ ಭಯಕ್ಕೆ ಗಿಳಿಯೇ ಅಳಿಸಿದ ಎಂದು ಜನ ಹೇಳಲಿ. ಯಜಮಾನರ ದನಿ, ಕಾವಲುಗಾರನ ದನಿ, ಅಳುವ ಬಾಗಿಲಿನ ದನಿ, ಎಲ್ಲ ಹೋದವು. ತನ್ನ ಕೆಮ್ಮು ಹೋದಾಗ ತಂತಿಗೆ ಗಂಟಲು ಹಗುರವಾದಂತಾಯಿತು.

ಯಜಮಾನರ ಕೋಣೆಯಲ್ಲಿ ತನಿಖೆಗೆ ಬಂದ ಅಧಿಕಾರಿಣಿ ಕೂತಿದ್ದರು. ಕನ್ನಡಕದ ಮೇಲಿಂದ ನೋಡುವ, ಕಡಿಮೆ ಮಾತಿನ ಹೆಂಗಸು. ಗಿಳಿ ಮೊದಲ ಸಲ ಯಾರ ದನಿಯೂ ಇಲ್ಲದೆ ನಿಂತಿದ್ದ.

"ನಾನಲ್ಲ ಸಾರ್. ನನ್ನ ಯಂತ್ರದಲ್ಲಿ ಈಗ ಏನೂ ಇಲ್ಲ. ನನ್ನ ದನಿಗಳೂ ಹೋದ್ವು."

"ಅನುಕೂಲವಾಯ್ತಲ್ಲ," ಎಂದರು ಯಜಮಾನರು.

ಅಧಿಕಾರಿಣಿ ತಂತಿಯ ಕಡೆ ತಿರುಗಿದರು. "ಹೆಸರುಗಳ ಉಸ್ತುವಾರಿ ನಿಮ್ಮದಂತೆ. ಗಿಳಿ ಅನ್ನೋ ಹೆಸರನ್ನ ನೀವೇ ಎಲ್ಲಿಗೆ ಬೇಕಾದ್ರೂ ತಿರುಗಿಸಬಹುದಿತ್ತು, ಅಲ್ವಾ?"

ಈ ಪ್ರಶ್ನೆಗಾಗಿಯೇ ತಂತಿ ಕಾದಿದ್ದ. ಎರಡು ಸಲ ಕೆಮ್ಮಿದ. ಯಾರೂ ನಗಲಿಲ್ಲ, ಎಂಥ ಸುಖ.

"ಅದು ಹಾಗಲ್ಲ ಮೇಡಂ, ಹೇಗೆ ಅಂದ್ರೆ, ಹೆಸರನ್ನ ನಂಬ್ಬೇಡಿ. ಖಾಲಿ ಯಂತ್ರವನ್ನೂ ನಂಬ್ಬೇಡಿ. ಆ ಹೊತ್ತಿಗೆ ಹೆಸರು ಯಾವ ವಿಳಾಸ ತೋರಿಸ್ತಿತ್ತೋ ಅದರ ದಾಖಲೆ ಇರುತ್ತೆ. ಆ ಲೈನು ಯಾರ ಮನೇದು ಅಂತ ಕನೆಕ್ಷನ್ ಕೊಟ್ಟವರನ್ನ ಕೇಳಿ. ಯಾರ ಮನೇದೋ ಅವನೇ ಕಳ್ಳ."

"ನಿಮ್ಮನೆ ಲೈನನ್ನ ಬೇರೆ ಯಾರಾದ್ರೂ ಬಳಸ್ತಾರಾ?"

"ನಮ್ಮನೇದಾ?" ತಂತಿ ಹೆಮ್ಮೆಯಿಂದ ನಕ್ಕ. "ಒಂದು ನೊಣ ಕೂಡ ಬಳಸಲ್ಲ ಮೇಡಂ. ಬೇಕಾದ್ರೆ ಬರೆದುಕೊಡ್ತೀನಿ."

"ಬೇಡ, ಎಲ್ಲರೂ ಕೇಳಿಸ್ಕೊಂಡಿದಾರೆ," ಎಂದು ಆಕೆ ಕನೆಕ್ಷನ್ ಕೊಟ್ಟವರಿಗೆ ಫೋನು ಮಾಡಿ ವಿಚಾರಿಸಿದರು. ಕಟ್ಟಡದ ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡರು. ತಂತಿ ಗಿಳಿಯ ಮುಖ ಬಿಳಿಚಿಕೊಳ್ಳುವುದನ್ನು ನೋಡಲು ಸಿದ್ಧನಾದ. ಆಕೆ ಫೋನಿಟ್ಟು ನೋಡಿದ್ದು ತಂತಿಯನ್ನು.

"ಕಟ್ಟಡ ಅದೇ. ಆದ್ರೆ ಮೇಲಿನ ಮನೆ ಅಲ್ಲ. ಕೆಳಗಿಂದು."

ಗಿಳಿ ಭಾವನನ್ನು ನೋಡಿದ. ಏನೋ ಲೆಕ್ಕ ಹಾಕಿದ, ಲೆಕ್ಕ ಮುಗಿಯಿತು. "ಮೇಡಂ, ನನ್ನ ಮನೇಲಿ ಇಂಟರ್ನೆಟ್ಟೇ ಇಲ್ಲ," ಎಂದ, ತನ್ನ ಸ್ವಂತ ದನಿಯಲ್ಲಿ. "ಪೇಂಟಿಂಗ್ ಮಾಡ್ಸಿದಾಗ ಏಣಿಗೆ ಸಿಕ್ಕಿ ವೈರು ಕಿತ್ತೋಯ್ತು. ಭಾವನ ಕಿಟಕಿ ಮುಂದೇನೇ ನೇತಾಡ್ತಿದೆ, ಬಂದು ನೋಡಿ." ಅಷ್ಟಕ್ಕೆ ನಿಲ್ಲಿಸಿದ. ಬದಲಾದಾಗಲೆಲ್ಲ ಅಕ್ಕ ಗುಟ್ಟಾಗಿ ಹೇಳಿಕೊಡುತ್ತಿದ್ದ ವೈಫೈ ಪಾಸ್‌ವರ್ಡಿನ ಸುದ್ದಿ ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ತಂತಿಗೆ ಆ ಕರಿ ವೈರು ಕಣ್ಣಿಗೆ ಕಟ್ಟಿತು, ಅದನ್ನು ತಳ್ಳಿದ ಬೆರಳಿನ ತುದಿ ಚುರುಗುಟ್ಟಿತು. ಬೀರುವಿನೊಳಗಿನ ಯಂತ್ರ ಅಷ್ಟೂ ದಿನ ಅವನದೇ ವೈಫೈ ಹಿಡಿದು ಕೂತು, ಅವನೇ ಕಲಿಸಿದ ಪಾಠದಂತೆ, ಅವನ ಮನೆಯ ವಿಳಾಸವನ್ನೇ ಚಾಚೂ ತಪ್ಪದೆ ಒಪ್ಪಿಸಿತ್ತು. ಅದನ್ನು ಹೇಳಬಲ್ಲ ಸಾಕ್ಷಿ ಆ ಯಂತ್ರವೊಂದೇ, ಅದನ್ನು ಅವನೇ ಒರೆಸಿ ಫಳಫಳ ಮಾಡಿದ್ದ. "ಅದು ಹಾಗಲ್ಲ, ಹೇಗೆ ಅಂದ್ರೆ..." ಎನ್ನಲು ಬಾಯಿ ತೆರೆದ. ಬಂದದ್ದು ಬರೀ ಕೆಮ್ಮು, ಎರಡು ಸಲ.